ಹಿಂದಿನ ಸಾಲಿನ ಮಕ್ಕಳ ಬಂಧು ಆಲ್‌ಫ್ರೆಡ್ ಬಿನೆ

ಯಾವ ಊರಿನ ಶಾಲೆಯನ್ನು ಹೊಕ್ಕು ನೋಡಿದರೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಒಬ್ಬಿಬ್ಬರು ಮಕ್ಕಳು ಕಣ್ಣಿಗೆ ಬೀಳದೆ ಇರುವದಿಲ್ಲ. ಅವರು ಗದ್ದಲ ಮಾಡುವವರಲ್ಲ. ಪಾಠ ಒಪ್ಪಿಸುವವರೂ ಅಲ್ಲ. ಓರಗೆಯವರೆಲ್ಲ ಮುಂದಿನ ವರ್ಗಕ್ಕೆ ಹೋದರೂ ಇವರು ಅದೇ ಮಣೆಯ ಮೇಲೆ ಮತ್ತೊಂದು ವರ್ಷ ಕೂಡಬೇಕಾಗುತ್ತದೆ. ಕಲಿಸುವವರು ಬೇಸತ್ತು, ತಂದೆತಾಯಿಗಳು ಕೈಚೆಲ್ಲಿ, ಕೊನೆಗೆ ಎಲ್ಲರೂ ಸೇರಿ ಆ ಕೂಸಿಗೆ ದಡ್ಡನೆಂಬ ಹೆಸರನ್ನು ಕೊಟ್ಟುಬಿಡುತ್ತಾರೆ. ಆ ಹೆಸರು ಒಮ್ಮೆ ಅಂಟಿತೆಂದರೆ ಬಹುಕಾಲ ಅಳಿಯದು. ಕೂಸು ತಾನೇ ಅದನ್ನು ನಂಬಿ ನಡೆಯತೊಡಗುವದಂತೂ ಎಲ್ಲಕ್ಕೂ ದೊಡ್ಡ ಅನರ್ಥವು.

ಇಂತಹ ಮಕ್ಕಳು ಏಕೆ ಹಿಂದೆ ಬೀಳುತ್ತಾರೆ, ಎಷ್ಟು ಹಿಂದೆ ಬಿದ್ದಿದ್ದಾರೆ, ಅವರನ್ನು ಕೈಹಿಡಿದು ಮುಂದೆ ತರುವ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಶಾಸ್ತ್ರದ ರೀತಿಯಿಂದ ಕೇಳಿ, ಅವುಗಳಿಗೆ ಶಾಲೆಯಲ್ಲಿಯೇ ಉತ್ತರ ಹುಡುಕಿದ ಮಹನೀಯರಲ್ಲಿ ಫ್ರಾನ್ಸ್ ದೇಶದ ಆಲ್‌ಫ್ರೆಡ್ ಬಿನೆಯವರು ಅಗ್ರಗಣ್ಯರು. ಬುದ್ಧಿಪರೀಕ್ಷೆಯನ್ನು ಕಂಡುಹಿಡಿದವರೆಂದು ಅವರ ಹೆಸರನ್ನು ಜಗತ್ತು ಬಲ್ಲದು. ಆದರೆ ಆ ಪರೀಕ್ಷೆಯನ್ನು ಅವರು ಯಾರ ಸಲುವಾಗಿ, ಯಾವ ಉದ್ದೇಶದಿಂದ ರಚಿಸಿದರೆಂಬುದನ್ನು ಬಲ್ಲವರು ಕಡಿಮೆ. ವಿದ್ಯಾದಾನವನ್ನು ಪುಣ್ಯಕಾರ್ಯವೆಂದು ಬಗೆದು, ಶಾಲೆಗಳಿಗೂ ಉಚಿತ ಪ್ರಸಾದನಿಲಯಗಳಿಗೂ ತನುಮನಧನಗಳಿಂದ ನೆರವಾಗುವ ಭಕ್ತಮಹಾಶಯರು ಈ ಚರಿತ್ರೆಯನ್ನು ಅರಿತಿರುವದು ಯೋಗ್ಯವೆಂದು ತಿಳಿದು, ಅದನ್ನು ಇಲ್ಲಿ ಸಂಗ್ರಹಿಸಿ ನಿರೂಪಿಸಲಾಗಿದೆ.

ಬಿನೆಯವರು ಕ್ರಿ. ಶ. 1857ನೆಯ ಜುಲೈ 8ರಂದು ನೀಸ್ ಪಟ್ಟಣದಲ್ಲಿ ಜನಿಸಿದರು. ಸಮುದ್ರತೀರದ ಆ ಪಟ್ಟಣವು ಆಗ ಸಾರ್ಡಿನಿಯಾ ರಾಜ್ಯಕ್ಕೆ ಸೇರಿದ್ದು, ಮೂರು ವರ್ಷಗಳ ತರುವಾಯ ಫ್ರಾನ್ಸಿನ ವಶವಾಯಿತು. ತಂದೆ ವೈದ್ಯರು, ತಾಯಿ ಚಿತ್ರಕಲೆಯಲ್ಲಿ ಪರಿಶ್ರಮವುಳ್ಳವರು. ದಂಪತಿಗಳಲ್ಲಿ ಮನಸ್ಸು ಮುರಿದು ಅವರು ಬೇರೆಯಾದುದರಿಂದ, ಬಾಲಕನು ತಾಯಿಯ ಆಶ್ರಯದಲ್ಲಿಯೇ ಬೆಳೆದನು. ಮುಂದೆ ತಾಯಿ ಮಗನ ವಿದ್ಯಾಭ್ಯಾಸಕ್ಕಾಗಿ ಪ್ಯಾರಿಸ್ ನಗರಕ್ಕೆ ಬಂದರು. ಅಲ್ಲಿ ಲೂಯಿ ಲ ಗ್ರಾಂ ಎಂಬ ಹೆಸರಾಂತ ವಿದ್ಯಾಲಯದಲ್ಲಿ ಬಿನೆಯವರ ಓದು ನಡೆಯಿತು.

ಆ ವಿದ್ಯಾರ್ಥಿದೆಸೆಯ ಒಂದು ಪ್ರಸಂಗವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಪದವಿಪ್ರವೇಶದ ಪರೀಕ್ಷೆಯಲ್ಲಿ ಅವರು ಗ್ರೀಕ್ ತತ್ತ್ವಜ್ಞಾನಿಯೊಬ್ಬನ ಹೆಸರನ್ನು ಹೇಳಬೇಕಾದಲ್ಲಿ, ಶಬ್ದಸಾಮ್ಯದಿಂದ ಮೋಸಹೋಗಿ, ಯಾವುದೋ ಸಾಹಿತ್ಯಗ್ರಂಥದ ಪಾತ್ರದ ಹೆಸರನ್ನು ಹೇಳಿಬಿಟ್ಟರು. ಪರೀಕ್ಷಕರು ಕೋಪಗೊಂಡು, ಈ ಹುಡುಗನಿಗೆ ತತ್ತ್ವವಿಚಾರದ ಬುದ್ಧಿ ಎಂದೆಂದಿಗೂ ಬಾರದೆಂದು ತೀರ್ಪುಕೊಟ್ಟರು. ಒಂದು ಹೆಸರು ತಪ್ಪಿದ್ದಕ್ಕೆ ಒಂದು ಜೀವಮಾನದ ತೀರ್ಪು! ಎಂದೆಂದಿಗೂ ಎಂಬ ಆ ಮಾತಿನ ಭಾರ ಎಷ್ಟೆಂಬುದನ್ನು ಬಿನೆಯವರು ಸ್ವಾನುಭವದಿಂದ ಅರಿತರು. ಮೂವತ್ತು ವರ್ಷಗಳಿಗೂ ಮಿಕ್ಕಿದ ಮೇಲೆ, ಮಕ್ಕಳ ವಿಷಯವಾಗಿ ಬರೆದ ತಮ್ಮ ಗ್ರಂಥದಲ್ಲಿ ಈ ಪ್ರಸಂಗವನ್ನು ನೆನೆದು, ಇಂತಹ ಮಾತನ್ನು ಯಾವ ಕೂಸಿನ ವಿಷಯದಲ್ಲಿಯೂ ಆಡಲಾಗದೆಂದು ಅವರು ಎಚ್ಚರಿಸಿದರು. ಅವರ ಜೀವಮಾನದ ಕಾಯಕವೆಲ್ಲ ಆ ಒಂದು ಮಾತಿಗೆ ಕೊಟ್ಟ ಉತ್ತರವೆಂದರೂ ಸಲ್ಲುವದು.

ಅವರ ದಾರಿ ಮೊದಲಿಗೆ ನೇರವಾಗಿರಲಿಲ್ಲ. 1878ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರು. ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ವೈದ್ಯಶಾಸ್ತ್ರವನ್ನು ಕೈಕೊಂಡರು, ಅದನ್ನೂ ನಡುವೆಯೇ ಬಿಟ್ಟರು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ಒಂದಾದ ಮೇಲೊಂದರಂತೆ ಓದತೊಡಗಿದಾಗ ಅವರಿಗೆ ತಮ್ಮ ಬಾಳಿನ ಗುರಿ ಗೋಚರಿಸಿತು. ಕಲಿಸುವ ಗುರುಗಳಿಲ್ಲದೆ, ಪುಸ್ತಕಗಳನ್ನೇ ಗುರುವಾಗಿ ಇಟ್ಟುಕೊಂಡು ಈ ಶಾಸ್ತ್ರವನ್ನು ಸಾಧಿಸಿದರು. 1880ರಲ್ಲಿ ಅವರ ಮೊದಲ ಲೇಖನವು ಪ್ರಕಟವಾದಾಗ ಬೆಲ್ಜಿಯಮ್ ದೇಶದ ಪಂಡಿತರಾದ ದೆಲ್ಬೋಫರು ಅದರ ದೋಷಗಳನ್ನು ಕಟುವಾಗಿ ತೋರಿಸಿಕೊಟ್ಟರು.

ಅನಂತರ ಬಿನೆಯವರು ಸಾಲ್ಪೆತ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ಜಗತ್ಪ್ರಸಿದ್ಧ ವೈದ್ಯರ ಬಳಿ ಸೇರಿದರು. ಅಲ್ಲಿ ಮೋಹನಿದ್ರೆಯ ಪ್ರಯೋಗಗಳು ನಡೆಯುತ್ತಿದ್ದವು. ನಿದ್ರಿಸಿದ ರೋಗಿಯ ಬಳಿ ಲೋಹಚುಂಬಕವನ್ನು ಹಿಡಿದರೆ ದೇಹದ ಒಂದು ಮಗ್ಗುಲಿನ ಲಕ್ಷಣಗಳು ಮತ್ತೊಂದು ಮಗ್ಗುಲಿಗೆ ಸರಿಯುತ್ತವೆಂದು ಬಿನೆಯವರೂ ಅವರ ಜೊತೆಗಾರರಾದ ಫೆರೆಯವರೂ ಸಾರಿದರು. ದೆಲ್ಬೋಫರು ತಾವೇ ಬಂದು ನೋಡಿ, ಪ್ರಯೋಗ ಮಾಡುವವರು ಏನನ್ನು ಬಯಸುತ್ತಾರೆಂಬುದು ರೋಗಿಗಳಿಗೆ ಮೊದಲೇ ತಿಳಿದುಹೋಗುತ್ತಿರುವದನ್ನು ಕಂಡುಕೊಂಡರು. ವಾದವು ಕೆಲಕಾಲ ನಡೆದು, ಬಿನೆಯವರು ಕೊನೆಗೆ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಅಭಿಮಾನವುಳ್ಳ ತರುಣನಿಗೆ ಇದು ಸಾಮಾನ್ಯವಾದ ಪೆಟ್ಟಲ್ಲ. ಆದರೆ ಇದರಿಂದ ಅವರು ಕಲಿತ ಪಾಠವು ಮುಂದೆ ಸಾವಿರಾರು ಮಕ್ಕಳಿಗೆ ಉಪಕಾರವಾಯಿತು. ಕೇಳುವವನ ಮುಖಭಾವವೂ ಧ್ವನಿಯೂ ಉತ್ತರ ಕೊಡುವವನನ್ನು ತಿದ್ದಿಬಿಡುತ್ತವೆಂಬುದನ್ನೂ, ತಾನು ನಂಬಿದ್ದನ್ನೇ ಕಾಣುವ ಚಪಲವು ವಿದ್ವಾಂಸರಿಗೂ ತಪ್ಪಿದ್ದಲ್ಲವೆಂಬುದನ್ನೂ ಅವರು ಮನಗಂಡರು.

1884ರಲ್ಲಿ ಅವರ ವಿವಾಹವು ಬಾಲ್ಬಿಯಾನಿ ಎಂಬ ಜೀವಶಾಸ್ತ್ರಜ್ಞರ ಮಗಳಾದ ಲೋರ್ ಎಂಬವರೊಡನೆ ನೆರವೇರಿತು. ಮಾದ್ಲೆನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಈ ಮಕ್ಕಳ ಆಟಪಾಟಗಳನ್ನು ನೋಡುತ್ತ ನೋಡುತ್ತ ಬಿನೆಯವರ ದೃಷ್ಟಿಯು ಆಸ್ಪತ್ರೆಯಿಂದ ಮನೆಯ ಅಂಗಳಕ್ಕೆ ತಿರುಗಿತು. ನಡೆಯಲು ಕಲಿಯುವಾಗ ಹಿರಿಯವಳು ಕೈಗೆ ಆಸರೆ ಸಿಗುವವರೆಗೆ ಹೆಜ್ಜೆ ಕೀಳುತ್ತಿರಲಿಲ್ಲ. ಗಮನವನ್ನೆಲ್ಲ ಒಂದೆಡೆ ಇಟ್ಟು ಮೆಲ್ಲನೆ ನಡೆಯುವಳು. ಕಿರಿಯವಳು ಆಸರೆಯ ಪರಿವೆಯಿಲ್ಲದೆ ತೂರಾಡುತ್ತ ಕೋಣೆಯ ನಡುವಿಗೆ ಓಡುವಳು. ದೊಡ್ಡವರಾದ ಮೇಲೂ ಒಬ್ಬಳು ಕಂಡದ್ದನ್ನು ಕಂಡಂತೆ ಹೇಳುವವಳು, ಮತ್ತೊಬ್ಬಳು ಕಲ್ಪನೆಯ ಬೆನ್ನುಹತ್ತುವವಳು ಆದರು. ಒಂದೇ ಸೂರಿನಡಿಯಲ್ಲಿ, ಒಂದೇ ಅನ್ನವುಂಡು ಬೆಳೆದ ಇಬ್ಬರಲ್ಲಿ ಇಷ್ಟು ಭೇದವಿರುವಾಗ, ಒಂದು ವರ್ಗದಲ್ಲಿ ಕುಳಿತ ನಾಲ್ವತ್ತು ಮಕ್ಕಳನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ಯುವದು ಹೇಗೆ? ಈ ಅವಲೋಕನಗಳ ಫಲವು 1903ರಲ್ಲಿ ಬುದ್ಧಿಯ ಪ್ರಾಯೋಗಿಕ ಅಧ್ಯಯನವೆಂಬ ದೊಡ್ಡ ಗ್ರಂಥವಾಗಿ ಹೊರಬಂದಿತು.

ಇದಕ್ಕೆ ಮೊದಲೇ, 1891ರಲ್ಲಿ ಅವರು ಸೋರ್ಬೊನ್ ವಿದ್ಯಾಪೀಠದ ಮನಶ್ಶಾಸ್ತ್ರ ಪ್ರಯೋಗಾಲಯವನ್ನು ವೇತನವಿಲ್ಲದೆ ಸೇರಿದ್ದರು. ಕೆಲವೇ ವರ್ಷಗಳಲ್ಲಿ ಅದರ ನಿರ್ದೇಶಕರಾಗಿ ಕಡೆಯವರೆಗೂ ಅಲ್ಲಿಯೇ ದುಡಿದರು. 1895ರಲ್ಲಿ ಮೊದಲ ಸಂಪುಟ ಕಂಡ ಮನಶ್ಶಾಸ್ತ್ರದ ವಾರ್ಷಿಕ ಪತ್ರಿಕೆಯು ಅವರ ಸಂಪಾದಕತ್ವದಲ್ಲಿ ಪ್ರಸಿದ್ಧಿಗೆ ಬಂದಿತು. ಇಷ್ಟಾದರೂ ಅವರ ಸ್ವದೇಶದಲ್ಲಿ ಅವರಿಗೆ ಪ್ರಾಧ್ಯಾಪಕ ಪೀಠವು ದೊರೆಯಲೇ ಇಲ್ಲ. ಪದವಿಗಾಗಿ ಕಾದು ಕೂಡದೆ ಅವರು ಶಾಲೆಗಳ ಕಡೆಗೆ ನಡೆದರು.

ಆಗಿನ ಕಾಲದಲ್ಲಿ ತಲೆಬುರುಡೆಯ ಅಳತೆಯಿಂದ ಬುದ್ಧಿಯನ್ನು ತಿಳಿಯಬಹುದೆಂದು ಅನೇಕ ವಿದ್ವಾಂಸರು ನಂಬಿದ್ದರು. ಬಿನೆಯವರೂ ಶಾಲೆಶಾಲೆಗೆ ಹೋಗಿ, ಶಿಕ್ಷಕರು ಜಾಣರೆಂದು ಆರಿಸಿದ ಮಕ್ಕಳ ತಲೆಗಳನ್ನೂ, ದಡ್ಡರೆಂದು ಆರಿಸಿದ ಮಕ್ಕಳ ತಲೆಗಳನ್ನೂ ಅಳೆದರು. ಎರಡಕ್ಕೂ ಕಂಡ ಅಂತರವು ಅತ್ಯಲ್ಪ. ಅಷ್ಟೇ ಅಲ್ಲ, ದಡ್ಡನೆಂದು ಮೊದಲೇ ತಿಳಿದಿದ್ದ ಕೂಸಿನ ತಲೆಯನ್ನು ಅಳೆಯುವಾಗ ತಮ್ಮ ಕೈಯೇ ತಮಗರಿಯದೆ ಅಳತೆಯನ್ನು ಕುಗ್ಗಿಸುತ್ತಿದೆಯೆಂಬ ಸಂಶಯವು ಅವರಿಗೆ ಹುಟ್ಟಿತು. ಮತ್ತೆ ಅಳೆದು ನೋಡಿ, ಸಂಶಯವು ದಿಟವಾಗಿರುವದನ್ನು ಕಂಡು, ಅದನ್ನು ಮರೆಮಾಡದೆ ಪ್ರಕಟಿಸಿ, ಆ ಮಾರ್ಗವನ್ನೇ ತೊರೆದರು. ಕೂಸಿನ ತಲೆಯನ್ನು ಹೊರಗಿನಿಂದ ಅಳೆಯುವದನ್ನು ಬಿಟ್ಟು ಅದರ ಆಲೋಚನೆಯನ್ನು ಕೇಳಿ ತಿಳಿಯಬೇಕೆಂಬ ನಿರ್ಧಾರಕ್ಕೆ ಬಂದುದು ಹೀಗೆ.

ಇನ್ನು ದೇಶದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1881 ಮತ್ತು 1882ರಲ್ಲಿ ಜೂಲ್ ಫೆರಿ ಎಂಬ ಮಂತ್ರಿಗಳು ತಂದ ಕಾನೂನುಗಳಿಂದ ಫ್ರಾನ್ಸಿನಲ್ಲಿ 6ರಿಂದ 13 ವರ್ಷದವರೆಗಿನ ಮಕ್ಕಳಿಗೆಲ್ಲ ಶಿಕ್ಷಣವು ಕಡ್ಡಾಯವಾಯಿತು. ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶುಲ್ಕವೂ ತಪ್ಪಿತು. ಅದುವರೆಗೆ ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಬಡವರ ಮಕ್ಕಳು ಗುಂಪುಗುಂಪಾಗಿ ಬಂದರು. ಅವರಲ್ಲಿ ಕೆಲವರು ಎಷ್ಟು ಕಾಲ ಕುಳಿತರೂ ಅಕ್ಷರಕ್ಕೆ ಹತ್ತಲಿಲ್ಲ. ಹಿಂದೆ ಇಂತಹವರು ಹೊಲದಲ್ಲಿಯೋ ಕಾರಖಾನೆಯಲ್ಲಿಯೋ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತಿದ್ದರು. ಈಗ ಶಾಲೆಯೇ ಅವರನ್ನು ಎಲ್ಲರೆದುರಿಗೆ ನಿಲ್ಲಿಸಿತು. ಇವರನ್ನು ಹುಚ್ಚರ ಆಸ್ಪತ್ರೆಗಳಿಗೆ ಸೇರಿದ ಆಶ್ರಮಗಳಿಗೆ ಕಳುಹಿಸಬೇಕೋ, ಶಾಲೆಯಲ್ಲಿಟ್ಟುಕೊಂಡೇ ಬೇರೆ ರೀತಿಯಿಂದ ಕಲಿಸಬೇಕೋ ಎಂಬುದು ದೊಡ್ಡ ಚರ್ಚೆಯಾಯಿತು.

1899ರಲ್ಲಿ ಫೆರ್ದಿನಾಂ ಬ್ಯುಯಿಸೋನರ ಪ್ರಯತ್ನದಿಂದ ಪ್ಯಾರಿಸ್ಸಿನಲ್ಲಿ ಮಕ್ಕಳ ಮನಸ್ಸನ್ನು ಅಭ್ಯಸಿಸುವ ಒಂದು ಸಂಘವು ಹುಟ್ಟಿತ್ತು. ಶಾಲಾಶಿಕ್ಷಕರೂ ವಿದ್ವಾಂಸರೂ ಒಂದೆಡೆ ಕೂಡಿ ವಿಚಾರಿಸುವ ಆ ಸಂಘಕ್ಕೆ ಬಿನೆಯವರು ಸೇರಿ, ಬಹುಬೇಗ ಅದರ ಮುಂದಾಳುಗಳಾದರು. ಅದೇ ಕಾಲದಲ್ಲಿ ತೇಯೋದೋರ್ ಸಿಮೋನ್ ಎಂಬ ತರುಣ ವೈದ್ಯರು ಅವರ ಜೊತೆಗೂಡಿದರು. ಬುದ್ಧಿ ಬೆಳೆಯದ ಮಕ್ಕಳ ಆಶ್ರಮವೊಂದರಲ್ಲಿ ಸಿಮೋನರು ಕೆಲಸಮಾಡುತ್ತಿದ್ದರು. ಈ ಇಬ್ಬರ ಸ್ನೇಹವು ಬಿನೆಯವರ ಮರಣದವರೆಗೂ ಬಿಡದೆ ನಡೆಯಿತು.

ಸಂಘದವರ ಒತ್ತಾಯದಿಂದ ಸರಕಾರವು 1904ರಲ್ಲಿ ಲೆಯೋಂ ಬುರ್ಜ್ವಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಬಿನೆಯವರು ಅದರ ಸದಸ್ಯರಾದರು. ವೈದ್ಯಕೀಯ ಮತ್ತು ಶೈಕ್ಷಣಿಕ ಪರೀಕ್ಷೆಯಾಗದೆ ಯಾವ ಕೂಸನ್ನೂ ಸಾಮಾನ್ಯ ಶಾಲೆಯಿಂದ ತೆಗೆದು ವಿಶೇಷ ಶಾಲೆಗೆ ಹಾಕಕೂಡದೆಂದು ಸಮಿತಿಯು ಗೊತ್ತುಮಾಡಿತು. ನಿಯಮವೇನೋ ಒಳ್ಳೆಯದೇ, ಆದರೆ ಪರೀಕ್ಷೆಯನ್ನು ಮಾಡುವ ಕ್ರಮ ಯಾವುದು? ಬಿನೆಯವರು ವಿಚಾರಿಸಿ ನೋಡಿದಾಗ ಒಂದೇ ಕೂಸಿಗೆ ಒಬ್ಬ ವೈದ್ಯರು ಒಂದು ಹೆಸರನ್ನೂ ಮತ್ತೊಬ್ಬರು ಬೇರೊಂದು ಹೆಸರನ್ನೂ ಕೊಟ್ಟಿರುವದು ಕಂಡುಬಂದಿತು. ಶಿಕ್ಷಕರಲ್ಲಿ ಕೆಲವರು ತಂಟೆಕೋರ ಹುಡುಗರಿಂದ ಬಿಡುಗಡೆ ಹೊಂದುವ ಆಶೆಯಿಂದ ಅವರನ್ನು ಬುದ್ಧಿಹೀನರ ಪಟ್ಟಿಯಲ್ಲಿ ಸೇರಿಸಬಹುದಾಗಿತ್ತು. ತಂದೆತಾಯಿಗಳು ಮರ್ಯಾದೆಗೆ ಅಂಜಿ ಮಗುವಿನ ಕೊರತೆಯನ್ನು ಮುಚ್ಚಿಡಬಹುದಾಗಿತ್ತು. ಯಾರ ಮೆಚ್ಚುಗೆಗೂ ಕೋಪಕ್ಕೂ ಒಳಗಾಗದ ಒಂದು ಅಳತೆಗೋಲು ಬೇಕಾಗಿತ್ತು.

ಅದನ್ನೇ ಬಿನೆಯವರೂ ಸಿಮೋನರೂ 1905ರಲ್ಲಿ ರಚಿಸಿ ತಮ್ಮ ವಾರ್ಷಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಸುಲಭದಿಂದ ಕಠಿಣಕ್ಕೆ ಏರುವ 30 ಮೆಟ್ಟಿಲುಗಳಿದ್ದವು. ಹೊತ್ತಿಸಿದ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವದು ಮೊದಲಿನದು. ತಿನ್ನುವ ಪದಾರ್ಥಕ್ಕೂ ಕಟ್ಟಿಗೆಯ ತುಂಡಿಗೂ ಇರುವ ಭೇದವನ್ನು ಗುರುತಿಸುವದು, ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವದು, ಮೂರು ಅಂಕೆಗಳನ್ನು ಕೇಳಿ ಹಾಗೆಯೇ ಹೇಳುವದು, ಎರಡು ಗೆರೆಗಳಲ್ಲಿ ಉದ್ದವಾದುದನ್ನು ತೋರಿಸುವದು, ಮನೆ ಕುದುರೆ ಮುಂತಾದವು ಏನೆಂದು ವಿವರಿಸುವದು, ಕೊಟ್ಟ ಮೂರು ಶಬ್ದಗಳನ್ನು ಸೇರಿಸಿ ಒಂದು ವಾಕ್ಯವನ್ನು ಮಾಡುವದು, ಹೀಗೆ ಸಾಗಿ ಕಡೆಗೆ ಹತ್ತಿರ ಹತ್ತಿರದ ಭಾವವಾಚಕ ಶಬ್ದಗಳ ಅಂತರವನ್ನು ಹೇಳುವಲ್ಲಿ ಮುಗಿಯುತ್ತಿತ್ತು. ಇವುಗಳಲ್ಲಿ ಹೆಚ್ಚಿನವಕ್ಕೆ ಪುಸ್ತಕದ ಓದು ಬೇಕಾಗಿರಲಿಲ್ಲ. ಕಲಿಯದಿದ್ದುದು ಬೇರೆ, ಕಲಿಯಲಾರದಿದ್ದುದು ಬೇರೆ ಎಂಬ ವಿವೇಕವು ಈ ರಚನೆಯ ಮೂಲದಲ್ಲಿತ್ತು.

ಪರೀಕ್ಷೆಯನ್ನು ನಡೆಯಿಸುವ ರೀತಿಯನ್ನೂ ಅವರು ನಿಷ್ಕೃಷ್ಟವಾಗಿ ಗೊತ್ತುಪಡಿಸಿದರು. ಗದ್ದಲವಿಲ್ಲದ ಕೋಣೆಯಿರಬೇಕು, ಕೂಸನ್ನು ಒಂಟಿಯಾಗಿ ಕರೆಯಬೇಕು, ಪ್ರೀತಿಯಿಂದ ಮಾತನಾಡಿಸಿ ಅದರ ಅಂಜಿಕೆಯನ್ನು ಕಳೆಯಬೇಕು, ಉತ್ತರವು ತಪ್ಪಿದರೂ ಮುಖ ಗಂಟಿಕ್ಕಬಾರದು, ಬಾಯಿಗೆ ಮಾತು ಹಚ್ಚಿ ಸಹಾಯವನ್ನೂ ಮಾಡಬಾರದು. ಆಸ್ಪತ್ರೆಯಲ್ಲಿ ತಾವು ಮೋಸಹೋದ ದಿನಗಳನ್ನು ಅವರು ಮರೆತಿರಲಿಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 1908ರಲ್ಲಿ ಈ ಪ್ರಶ್ನೆಗಳನ್ನು 3ರಿಂದ 13 ವರ್ಷಗಳ ವಯೋಮಾನಕ್ಕೆ ಅನುಸಾರವಾಗಿ ವಿಂಗಡಿಸಿ, ಯಾವ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲರೆಂಬುದನ್ನು ನೋಡಿ ಮಟ್ಟಗಳನ್ನು ಕಟ್ಟಿದರು. ಹತ್ತು ವರ್ಷದ ಹುಡುಗನು ಏಳು ವರ್ಷದವರ ಮಟ್ಟದಲ್ಲಿ ನಿಂತಿದ್ದಾನೆಂದು ಇದರಿಂದ ಹೇಳಲು ಬಂದಿತು. ನಿಂತಿದ್ದಾನೆ ಎಂದಷ್ಟೇ ಅವರು ಹೇಳಿದರು. ನಿಂತೇ ಇರುವನೆಂದು ಎಲ್ಲಿಯೂ ಹೇಳಲಿಲ್ಲ.

ಅಳತೆಯು ಅವರಿಗೆ ಬಾಗಿಲಿನ ಹೊಸ್ತಿಲು ಮಾತ್ರವಾಗಿತ್ತು. ಒಳಗಿನ ಮನೆಯೆಂದರೆ ಶಾಲೆ. 1905ರಲ್ಲಿಯೇ ಪ್ಯಾರಿಸ್ಸಿನ ಗ್ರಾಂಜ್ ಓ ಬೆಲ್ ಬೀದಿಯ ಪ್ರಾಥಮಿಕ ಶಾಲೆಯಲ್ಲಿ, ಅಲ್ಲಿಯ ಮುಖ್ಯೋಪಾಧ್ಯಾಯರಾದ ವಾನೆ ಎಂಬವರ ಸಹಕಾರದಿಂದ ಅವರು ಒಂದು ಶಿಕ್ಷಣ ಪ್ರಯೋಗಾಲಯವನ್ನು ತೆರೆದರು. ವಾನೆಯವರು ಓದು ಮತ್ತು ಲೆಕ್ಕಗಳಲ್ಲಿ ಯಾವ ವಯಸ್ಸಿಗೆ ಎಷ್ಟು ಬರಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸಿದರು. ಒಂಬತ್ತು ವರ್ಷದೊಳಗಿನ ಕೂಸು ಎರಡು ವರ್ಷದಷ್ಟು, ಅದಕ್ಕೆ ಮೇಲ್ಪಟ್ಟದ್ದು ಮೂರು ವರ್ಷದಷ್ಟು ಹಿಂದೆ ಬಿದ್ದಿದ್ದರೆ ಅದರ ಕಡೆಗೆ ಲಕ್ಷ್ಯ ಕೊಡಬೇಕೆಂದು ಗೊತ್ತಾಯಿತು. ಆದರೆ ಶಾಲೆಗೆ ಸರಿಯಾಗಿ ಬಾರದೆ ಹಿಂದೆ ಬಿದ್ದ ಮಕ್ಕಳನ್ನು ಈ ಲೆಕ್ಕದಲ್ಲಿ ಸೇರಿಸಬಾರದೆಂದೂ ಅವರು ಕಟ್ಟುಮಾಡಿದರು. ಬಾರದ ಕೂಸಿನ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಎಣಿಸುವದು ಅನ್ಯಾಯವಲ್ಲವೇ?

ಹಿಂದೆ ಬಿದ್ದ ಪ್ರತಿಯೊಂದು ಕೂಸನ್ನೂ ಕುರಿತು ಅವರು ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಅತಿ ಸರಳವಾದವು. ಇದಕ್ಕೆ ಕರಿಹಲಗೆಯು ಕಾಣುತ್ತಿದೆಯೇ? ಗುರುಗಳ ಮಾತು ಕೇಳಿಸುತ್ತಿದೆಯೇ? ಹೊಟ್ಟೆಗೆ ಸಾಕಷ್ಟು ಬೀಳುತ್ತಿದೆಯೇ? ದೇಹವು ವಯಸ್ಸಿಗೆ ತಕ್ಕಂತೆ ಬೆಳೆದಿದೆಯೇ? ಸೋಮಾರಿಗಳೆಂದು ಬೈಸಿಕೊಳ್ಳುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ದೃಷ್ಟಿಮಾಂದ್ಯವಿರುವದೂ, ಅದನ್ನು ಮನೆಯವರಾಗಲಿ ಶಿಕ್ಷಕರಾಗಲಿ ಅರಿಯದಿರುವದೂ ಪರೀಕ್ಷೆಯಿಂದ ಹೊರಬಿದ್ದಿತು. ಹಲಗೆಯೇ ಕಾಣದವನಿಗೆ ಹಲಗೆಯ ಮೇಲಿನ ಪಾಠವು ಹೇಗೆ ತಿಳಿದೀತು? ಆದುದರಿಂದ ಬಿನೆಯವರೂ ಸಿಮೋನರೂ ಶಾಲಾಶಿಕ್ಷಕರು ತಾವೇ ಮಕ್ಕಳ ಕಣ್ಣನ್ನು ಪರೀಕ್ಷಿಸಲು ಬರುವಂತಹ ಸುಲಭ ಕ್ರಮವನ್ನು ಏರ್ಪಡಿಸಿದರು.

ಕಣ್ಣು ಕಿವಿಗಳು ಸರಿಯಿದ್ದೂ ಕಲಿಯಲಾರದ ಮಕ್ಕಳಿಗಾಗಿ 1907ರಲ್ಲಿ ಪ್ಯಾರಿಸ್ಸಿನ ಶಾಲೆಗಳಲ್ಲಿ ಪ್ರಯೋಗರೂಪವಾಗಿ ಸುಧಾರಣಾ ವರ್ಗಗಳು ಆರಂಭವಾದವು. ಈ ಮಕ್ಕಳು ಸಾಮಾನ್ಯ ವರ್ಗದ ಪಾಠವನ್ನು ಕೇಳಿ ಫಲವಿಲ್ಲವೆಂಬುದನ್ನು ಬಿನೆಯವರು ಕಂಡಿದ್ದರು. ಪಾಠವು ತಲೆಗೆ ಹತ್ತಬೇಕಾದರೆ ಕೂಸಿಗೆ ಸ್ವಲ್ಪ ಹೊತ್ತು ಅಲುಗದೆ ಕೂಡಲು ಬರಬೇಕು, ಕೇಳಲು ಬರಬೇಕು, ನೋಡಲು ಬರಬೇಕು. ಕಲಿಯುವದನ್ನೇ ಮೊದಲು ಕಲಿಸಬೇಕೆಂದು ಅವರು ನಿಶ್ಚಯಿಸಿದರು. ಡೊಂಕಾದ ಬೆನ್ನೆಲುಬನ್ನು ವೈದ್ಯರು ವ್ಯಾಯಾಮದಿಂದ ನೆಟ್ಟಗೆ ಮಾಡುವಂತೆ, ಸೊರಗಿದ ಗಮನ, ನೆನಪು, ಸಂಕಲ್ಪಗಳನ್ನು ಅಭ್ಯಾಸದಿಂದ ನೆಟ್ಟಗೆ ಮಾಡುವ ಈ ಪದ್ಧತಿಗೆ ಅವರು ಮನಸ್ಸಿನ ಅಂಗಸಾಧನೆ ಎಂಬ ಅರ್ಥದ ಹೆಸರನ್ನಿಟ್ಟರು.

ಆ ಅಭ್ಯಾಸಗಳು ನೋಡುವವರಿಗೆ ಮಕ್ಕಳಾಟದಂತೆ ತೋರುತ್ತಿದ್ದವು. ಶಿಕ್ಷಕರು ಸನ್ನೆಮಾಡಿದೊಡನೆ ಮಕ್ಕಳೆಲ್ಲರೂ ಇದ್ದ ಭಂಗಿಯಲ್ಲಿಯೇ ಕಲ್ಲುಗೊಂಬೆಗಳಂತೆ ನಿಲ್ಲಬೇಕು. ಮೊದಲ ದಿನ ನಗುವೂ ಗೊಂದಲವೂ ತುಂಬಿದ್ದರೂ, ದಿನಕಳೆದಂತೆ ನಿಶ್ಚಲತೆಯು ಸಾಧಿಸುತ್ತಿತ್ತು. ಅಂಚಿನವರೆಗೆ ನೀರು ತುಂಬಿದ ಬಟ್ಟಲನ್ನು ತುಳುಕಿಸದೆ ಒಂದು ಮೇಜಿನಿಂದ ಮತ್ತೊಂದಕ್ಕೆ ಒಯ್ಯಬೇಕು. ಹಲವು ವಸ್ತುಗಳನ್ನು ಅಂಟಿಸಿದ ರಟ್ಟನ್ನು ಕೆಲವೇ ಕ್ಷಣ ನೋಡಿ, ಅದನ್ನು ಮರೆಮಾಡಿದ ಮೇಲೆ ಕಂಡುದನ್ನೆಲ್ಲ ಬರೆಯಬೇಕು. ಗೊತ್ತುಮಾಡಿದ ಕಾಲದಲ್ಲಿ ಕಾಗದದ ಮೇಲೆ ಎಷ್ಟು ಚುಕ್ಕೆಗಳನ್ನು ಇಡಬಲ್ಲೆವೆಂದು ಪಂಥ ಕಟ್ಟಬೇಕು. ಪ್ರತಿಯೊಬ್ಬನೂ ನಿನ್ನೆಯ ತನ್ನನ್ನು ಇಂದು ಮೀರಿಸಲು ಹವಣಿಸುತ್ತಿದ್ದನು. ಒಮ್ಮೆ ಈ ವರ್ಗವನ್ನು ನೋಡಲು ಬಂದ ಶಾಸನಸಭೆಯ ಕೆಲವು ಸದಸ್ಯರು ಮಕ್ಕಳ ನೆನಪಿನ ಸಾಮರ್ಥ್ಯಕ್ಕೆ ಬೆರಗಾಗಿ, ತಾವೂ ಆ ರಟ್ಟನ್ನು ನೋಡಿ ಪರೀಕ್ಷಿಸಿಕೊಂಡರು; ಹಿಂದುಳಿದವರೆನಿಸಿದ ಆ ಮಕ್ಕಳಷ್ಟು ಅವರಿಗೆ ಸಾಧಿಸಲಿಲ್ಲ! ವಿನೋದದ ಈ ಸಂಗತಿಯನ್ನು ಬಿನೆಯವರೇ ದಾಖಲೆಮಾಡಿದ್ದಾರೆ. ಆ ಸದಸ್ಯರ ಬುದ್ಧಿಯು ಕಡಿಮೆಯೆಂದು ಅದರ ಅರ್ಥವಲ್ಲ. ಅಭ್ಯಾಸದಿಂದ ಎಷ್ಟು ಸಾಧ್ಯವೆಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಇಷ್ಟೆಲ್ಲ ಪ್ರೀತಿಯಿದ್ದರೂ ಬಿನೆಯವರು ಭಾವನೆಗೆ ಮರುಳಾದವರಲ್ಲ. ವಿಶೇಷ ವರ್ಗಗಳಿಂದ ಪ್ರಯೋಜನವಾಗಿದೆಯೆಂದು ಬಾಯಿಮಾತಿನಿಂದ ಹೇಳಿದರೆ ಸಾಲದು. ಬರುವಾಗ ಕೂಸಿಗೆ ಎಷ್ಟು ಬರುತ್ತಿತ್ತು, ವರ್ಷ ಕಳೆದ ಮೇಲೆ ಎಷ್ಟು ಬಂದಿತೆಂಬುದನ್ನು ಅಳೆದು ತೋರಿಸಬೇಕು. ಶಾಲೆ ಬಿಟ್ಟ ಮೇಲೆ ಅದು ದುಡಿದು ಬಾಳಲು ಶಕ್ತವಾಯಿತೋ ಇಲ್ಲವೋ ವಿಚಾರಿಸಬೇಕು ಎಂದು ಅವರು ಹಟಹಿಡಿದರು. ಸರಕಾರದ ಹಣವು ಮಕ್ಕಳಿಗೆ ಮುಟ್ಟಬೇಕೇ ಹೊರತು ಕಟ್ಟಡಗಳ ಹೆಸರಿಗಲ್ಲವೆಂಬುದು ಅವರ ನಿಲುವು. 1907ರಲ್ಲಿ ಸಿಮೋನರೊಡನೆ ಈ ಮಕ್ಕಳ ವಿಷಯವಾಗಿ ಒಂದು ಕೈಪಿಡಿಯನ್ನೂ, 1909ರಲ್ಲಿ ಮಕ್ಕಳನ್ನು ಕುರಿತ ಆಧುನಿಕ ವಿಚಾರಗಳೆಂಬ ಗ್ರಂಥವನ್ನೂ ಬರೆದರು. ಮನುಷ್ಯನ ಬುದ್ಧಿಯು ಹುಟ್ಟಿನೊಡನೆ ಗೊತ್ತಾದ ಗಂಟು, ಅದನ್ನು ಹೆಚ್ಚಿಸಲಾಗದೆಂದು ಕೆಲವು ವಿದ್ವಾಂಸರು ಹೇಳುತ್ತಿದ್ದ ಮಾತನ್ನು ಈ ಎರಡನೆಯ ಗ್ರಂಥದಲ್ಲಿ ಅವರು ತೀವ್ರವಾಗಿ ಖಂಡಿಸಿದರು. ಪರೀಕ್ಷಕರ ಹಳೆಯ ತೀರ್ಪನ್ನು ನೆನೆದುದು ಅಲ್ಲಿಯೇ.

1909ನೆಯ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ಸುಧಾರಣಾ ವರ್ಗಗಳ ಕಾನೂನು ಜಾರಿಗೆ ಬಂದಿತು. ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಹೊಂದಿಕೊಂಡು ಇಂತಹ ವರ್ಗಗಳನ್ನು ತೆರೆಯಲು ಅದರಿಂದ ಅನುಕೂಲವಾಯಿತು. ಆದರೆ ಅದು ಊರಾಡಳಿತಗಳಿಗೆ ಕಡ್ಡಾಯವಾಗಿರಲಿಲ್ಲ. ಆದುದರಿಂದ ಮೊದಲ ಕೆಲವು ವರ್ಷಗಳಲ್ಲಿ ವರ್ಗಗಳು ಬಹು ಮೆಲ್ಲನೆ ಬೆಳೆದವು. ಕಾನೂನು ಬರೆದ ಮಾತ್ರಕ್ಕೆ ಕಾರ್ಯವು ಆಗಿಹೋಗುವದಿಲ್ಲವೆಂಬುದು ಎಲ್ಲ ದೇಶಗಳ ಅನುಭವವಷ್ಟೆ.

ಈ ನಡುವೆ ಬ್ರಸೆಲ್ಸ್ ನಗರದಲ್ಲಿ ದೆಕ್ರೋಲಿ ಎಂಬ ವೈದ್ಯರು ತಮ್ಮ ಸಹಾಯಕರೊಡನೆ, ಅನುಕೂಲಸ್ಥರ ಮಕ್ಕಳಿಗೆ ಇದೇ ಪ್ರಶ್ನೆಗಳನ್ನು ಹಾಕಿ ನೋಡಿದಾಗ, ಪ್ಯಾರಿಸ್ಸಿನ ಬಡ ಮಕ್ಕಳಿಗಿಂತ ಅವರು ಒಂದು ವರ್ಷಕ್ಕೂ ಹೆಚ್ಚು ಮುಂದಿರುವದು ಕಂಡಿತು. ಬಿನೆಯವರು ಇದನ್ನು ಅಲ್ಲಗಳೆಯಲಿಲ್ಲ. ಮನೆಯ ಮಾತುಕತೆ, ಸುತ್ತಲಿನ ಸ್ಥಿತಿಗತಿಗಳು ಮಗುವಿನ ಉತ್ತರಗಳಲ್ಲಿ ಬೆರೆತಿರುತ್ತವೆಂದು ಒಪ್ಪಿ, 1911ರಲ್ಲಿ ತಮ್ಮ ಅಳತೆಗೋಲನ್ನು ಮತ್ತೊಮ್ಮೆ ತಿದ್ದಿದರು. ಅದೇ ವರ್ಷ ಅಕ್ಟೋಬರ 18ರಂದು, ಇನ್ನೂ ಮಾಡಬೇಕಾದುದು ಬಹಳವಿರುವಾಗಲೇ, ತಮ್ಮ 54ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು.

ಮಹಾಪುರುಷರ ಕೈಯಿಂದ ಜಾರಿದ ಆಯುಧವು ಯಾರ ಕೈಗೆ ಸೇರುವದೆಂಬುದನ್ನು ಹೇಳಬರುವದಿಲ್ಲ. 1908ರಲ್ಲಿಯೇ ಗೊಡಾರ್ಡ್ ಎಂಬ ಅಮೇರಿಕೆಯ ವಿದ್ವಾಂಸರು ಈ ಪರೀಕ್ಷೆಯನ್ನು ತಮ್ಮ ದೇಶಕ್ಕೆ ಒಯ್ದಿದ್ದರು. 1912ರಲ್ಲಿ ಜರ್ಮನಿಯ ಸ್ಟೆರ್ನ್ ಅವರು ಬುದ್ಧಿಯ ವಯಸ್ಸನ್ನು ದೇಹದ ವಯಸ್ಸಿನಿಂದ ಭಾಗಿಸುವ ರೀತಿಯನ್ನು ಸೂಚಿಸಿದರು. 1916ರಲ್ಲಿ ಅಮೇರಿಕೆಯ ಟರ್ಮನ್ ಅವರು ಅದನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧವೆಂಬ ಒಂದೇ ಸಂಖ್ಯೆಯಾಗಿ ಪ್ರಚಾರಕ್ಕೆ ತಂದರು. ಕೂಸಿಗೆ ನೆರವಾಗಲೆಂದು ಹುಟ್ಟಿದ ಅಳತೆಯು ಅದರ ಹಣೆಬರಹದಂತಾಯಿತು. ನ್ಯೂಯಾರ್ಕ್ ಬಂದರಿನಲ್ಲಿ ಹಡಗಿನಿಂದಿಳಿದ, ಆ ದೇಶದ ಭಾಷೆಯನ್ನೂ ಅರಿಯದ ಪರದೇಶಿಗಳನ್ನು ಇದರಿಂದ ಬುದ್ಧಿಹೀನರೆಂದು ವಿಂಗಡಿಸಿದರು. ಇಂತಹ ಪರೀಕ್ಷೆಗಳ ಆಧಾರದಿಂದ ಕೆಲವರನ್ನು ಸಂತಾನಹೀನರನ್ನಾಗಿ ಮಾಡುವ ಶಾಸನಗಳಿಗೂ ಅಲ್ಲಿಯ ಕೆಲವು ಸಂಸ್ಥಾನಗಳಲ್ಲಿ ಸಮರ್ಥನೆ ದೊರೆಯಿತು. 1961ರವರೆಗೆ ಬದುಕಿದ ಸಿಮೋನರು ಈ ಒಂದು ಸಂಖ್ಯೆಯ ಪದ್ಧತಿಯನ್ನು ತಮ್ಮ ಮೂಲ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ಭಾವಿಸಿದರು. ಬಿನೆಯವರೂ ತಮ್ಮ ಕಾಲದ ಕಠೋರವಾದ ಹೆಸರುಗಳನ್ನೇ ಮಕ್ಕಳಿಗೆ ಬಳಸಿದ್ದುಂಟು. ಬೇರೆ ವರ್ಗದಲ್ಲಿ ಕೂಡಿಸುವದರಿಂದಲೂ ಕೂಸಿಗೆ ಕಳಂಕ ತಟ್ಟಬಹುದೆಂದು ತರುವಾಯದ ಶಿಕ್ಷಣಜ್ಞರು ಹೇಳಿದ್ದೂ ಉಂಟು. ಆದರೆ ಅಳೆದು ಕೈಬಿಡುವದು ಅವರ ಮತವಾಗಿರಲಿಲ್ಲ. ಅಳೆದು ಕೈಹಿಡಿಯುವದೇ ಅವರ ಮತವು.

ಬಿನೆಯವರ ಈ ಕಾರ್ಯಕ್ಕೂ ನಮ್ಮ ನಾಡಿಗೂ ಒಂದು ನೇರವಾದ ಸಂಬಂಧವುಂಟು. 1930ರ ದಶಕದಲ್ಲಿ ಧಾರವಾಡದ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಈ ಪರೀಕ್ಷೆಯನ್ನು ಅಳವಡಿಸಿದರು. ಪ್ಯಾರಿಸ್ಸಿನ ಕೂಸಿಗೆ ಪರಿಚಿತವಾದ ವಸ್ತುವು ನಮ್ಮ ಕೂಸಿಗೆ ಅಪರಿಚಿತವಾಗಿರುವದು ಸಹಜ. ಪರಕೀಯ ಪ್ರಶ್ನೆಗಳಿಂದ ನಮ್ಮ ಮಕ್ಕಳನ್ನು ಅಳೆದರೆ ನ್ಯಾಯವಾಗುವದಿಲ್ಲವೆಂಬುದೇ ಇಂತಹ 'ಅಳವಡಿಕೆ'ಯ ಅಗತ್ಯವು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಇಂದಿಗೂ ಭಾರತದಲ್ಲಿ ಬಳಕೆಯಲ್ಲಿದೆ. ಗ್ರಾಂಜ್ ಓ ಬೆಲ್ ಬೀದಿಯಲ್ಲಿ ಹೊತ್ತಿಸಿದ ದೀಪದಿಂದ ಧಾರವಾಡದಲ್ಲಿಯೂ ಒಂದು ಹಣತೆ ಹೊತ್ತಿತೆಂದು ನಾವು ಸಂತೋಷಪಡಬಹುದು.

ಭಕ್ತಮಹಾಶಯರೇ, ಗ್ರಂಥಗಳನ್ನು ಓದಲು ಎಲ್ಲರಿಗೂ ಬಿಡುವಿರಲಾರದು. ಪರೀಕ್ಷೆಗಳನ್ನು ನಡೆಯಿಸುವ ವಿದ್ಯೆಯೂ ಎಲ್ಲರಿಗೆ ಬೇಕಿಲ್ಲ. ಆದರೆ ನಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಓದಿನಲ್ಲಿ ಹಿಂದೆ ಬಿದ್ದ ಒಂದು ಕೂಸಿದ್ದರೆ, ಅದನ್ನು ಬೈಯುವ ಮೊದಲು ಅದಕ್ಕೆ ಹಲಗೆ ಕಾಣುತ್ತಿದೆಯೇ, ಮಾತು ಕೇಳಿಸುತ್ತಿದೆಯೇ, ಹಸಿವು ತೀರಿದೆಯೇ ಎಂದು ವಿಚಾರಿಸುವದು ಯಾರಿಂದಲಾದರೂ ಆಗುವ ಕೆಲಸವು. ಅಷ್ಟನ್ನು ಮಾಡಿ, ಇಂದು ಬಾರದ್ದು ಎಂದೆಂದಿಗೂ ಬಾರದೆಂಬ ಮಾತನ್ನು ನಾಲಗೆಯಿಂದ ದೂರವಿಟ್ಟರೆ, ದೂರದ ದೇಶದ ಆ ಪುಣ್ಯಪುರುಷರ ಶ್ರಮವು ನಮ್ಮ ಅಂಗಳದಲ್ಲಿಯೂ ಸಾರ್ಥಕವಾದಂತಾಗುವದು.